ಹಟ್ಟಿಯ ಪಕ್ಕದ ರಾತ್ರಿಗಳು

ಬೆಳಗಾವಿಯಿಂದ ಬಡಗಣಕ್ಕೆ ಹೊರಟು ವಂಟಮುರಿ ಘಟ್ಟ ಇಳಿದವರಿಗೆ ಮಳೆ ಹಿಂದೆ ಸರಿದದ್ದು ಕಣ್ಣಿಗೇ ಕಾಣುತ್ತದೆ. ಖಾನಾಪುರದ ಕಡೆಯ ದಟ್ಟ ಕಾಡು, ಭತ್ತದ ಗದ್ದೆ ಬೆನ್ನಿಗೆ ಬಿದ್ದಿರುತ್ತವೆ. ಹಿಡಕಲ್ ಬರುವ ಹೊತ್ತಿಗೆ ಗುಡ್ಡಗಳ ಮೈ ಬಯಲಾಗುತ್ತದೆ. ಗೋಕಾಕ ದಾಟಿ ಮುಧೋಳದ ದಿಕ್ಕಿಗೆ ಹೋದಷ್ಟೂ ಕಲ್ಲು ಹೆಚ್ಚು, ಮಣ್ಣು ತೆಳು. ಮುಂಗಾರಿನ ನಾಲ್ಕು ಮಳೆ ಬಿದ್ದರೆ ಆ ತೆಳುಮಣ್ಣಿನ ಮೇಲೆ ಹುಲ್ಲು ಏಳುತ್ತದೆ. ದಸರೆಗೆ ತೆನೆ ಕಟ್ಟಿ, ದೀಪಾವಳಿ ದಾಟಿದ ಮೇಲೆ ಒಣಗಿ, ಬಂಗಾರದ ಬಣ್ಣಕ್ಕೆ ತಿರುಗಿ ಬೇಸಿಗೆಯ ಬಾಗಿಲವರೆಗೂ ನಿಂತಿರುತ್ತದೆ. ಕಂದಾಯದ ಕಾಗದದಲ್ಲಿ ಇಂಥ ನೆಲ ಪಡ, ಬಂಜರು, ಗಾಯರಾಣ ಎಂದು ದಾಖಲಾಗಿರುತ್ತದೆ. ನನ್ನ ಬಾಲ್ಯದ ಎಷ್ಟೋ ರಾತ್ರಿಗಳು ಕಳೆದದ್ದು ಈ ಹುಲ್ಲಿನ ಮೇಲೆ, ಕುರಿ ಹಟ್ಟಿಯ ಪಕ್ಕದಲ್ಲಿ.

ಅಪ್ಪ ನೀರಾವರಿ ಕೆಲಸದಲ್ಲಿದ್ದರು. ನಮ್ಮ ಮನೆ ಹಿಡಕಲ್ ಡ್ಯಾಮಿನ ಕಾಲೊನಿಯಲ್ಲಿತ್ತು. ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ಈ ಜಲಾಶಯಕ್ಕೆ ವಂಟಮುರಿಯ ಸರದೇಸಾಯಿ, ವಿದ್ಯೆಗಾಗಿ ಕೈಬಿಚ್ಚಿ ದಾನ ಮಾಡಿದ ರಾಜಾ ಲಖಮಗೌಡರ ಹೆಸರಿದೆ. ತುಂಬಿದರೆ 51 ಟಿಎಂಸಿ ನೀರು. ಗೇಟು ತೆರೆದ ದಿನ ಇಡೀ ಕಾಲೊನಿಯ ಮಕ್ಕಳು ಒಡ್ಡಿನ ಕೆಳಗೆ ನಿಂತು ತುಂತುರಿಗೆ ಮುಖ ಒಡ್ಡುತ್ತಿದ್ದೆವು. ಅಜ್ಜನ ಹೊಲ ಮಾತ್ರ ಕಾಲುವೆಯ ನೀರು ಏರದ ಎತ್ತರದಲ್ಲಿತ್ತು, ಮಳೆಯನ್ನೇ ನಂಬಿದ ಜೋಳದ ಹೊಲ. ಅದರ ಬದು ದಾಟಿದರೆ ಊರ ಗಾಯರಾಣ ಶುರುವಾಗಿ ಗುಡ್ಡದ ನೆತ್ತಿಯವರೆಗೂ ಹಬ್ಬಿತ್ತು.

ಸುಗ್ಗಿ ಮುಗಿದ ಮೇಲೆ ಅಜ್ಜ ಕುರಿ ತರುಬಲು ಹೇಳಿ ಕಳಿಸುತ್ತಿದ್ದರು. ವರ್ಷವರ್ಷವೂ ಬರುತ್ತಿದ್ದ ಒಂದು ಕುರುಬರ ಮನೆತನವಿತ್ತು. ಮಳೆಗಾಲದಲ್ಲಿ ಮೂಡಣದ ಒಣ ಸೀಮೆಗೆ ಹೋಗಿ, ಸುಗ್ಗಿಯ ಹೊತ್ತಿಗೆ ಮತ್ತೆ ಪಡುವಣಕ್ಕೆ ತಿರುಗುವವರು ಅವರು. ರಾತ್ರಿಯಿಡೀ ಕುರಿಗಳು ಹೊಲದಲ್ಲಿ ಮಲಗಿದರೆ ಹಿಕ್ಕೆ, ಗಂಜಲ ಮಣ್ಣಿಗೆ ಸೇರುತ್ತಿತ್ತು. ಬದಲಿಗೆ ಅಜ್ಜ ಜೋಳ ಅಳೆದು ಕೊಡುತ್ತಿದ್ದರು. ಒಪ್ಪಂದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಅಜ್ಜಿ ಕಟ್ಟಿಕೊಟ್ಟ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿಯ ಗಂಟು ಹೊತ್ತು ಸಂಜೆಗೆ ಹಟ್ಟಿಗೆ ಹೋಗುವುದು ನನ್ನ ಪಾಲಿನ ಕೆಲಸ. ಕತ್ತಲಾದ ಮೇಲೆ ಒಬ್ಬನೇ ಮರಳುವುದು ಬೇಡವೆಂದು ಅಲ್ಲೇ ಉಳಿಸಿಕೊಳ್ಳುತ್ತಿದ್ದರು. ಮುಂದೆ ಅದೇ ರೂಢಿಯಾಯಿತು. ಶಾಲೆಗೆ ರಜೆಯಿದ್ದರೆ ಹೊಲ ಮುಗಿದ ಮೇಲೂ ಅವರ ಹಿಂದೆ ಗಾಯರಾಣಕ್ಕೆ ಹೋಗಿ ಮಲಗುತ್ತಿದ್ದೆ.

ಗಾಯರಾಣದಲ್ಲಿ ಹಟ್ಟಿ ಹಾಕುವುದನ್ನು ನೋಡಬೇಕು. ಮೊದಲು ಕುದುರೆಗಳ ಬೆನ್ನಿನಿಂದ ಹೊರೆ ಇಳಿಯುತ್ತದೆ: ಬಲೆ, ಗೂಟ, ಹಿಟ್ಟಿನ ಚೀಲ, ನೀರಿನ ಕೊಡ, ಕಾಲು ಕಟ್ಟಿದ ಕೋಳಿಗಳು, ನಡೆಯಲಾರದ ನಾಯಿಮರಿ. ನೆಲದ ಇಳಿಜಾರು ನೋಡಿ, ಗಾಳಿಯ ದಿಕ್ಕು ನೋಡಿ ಹಿರಿಯ ಜಾಗ ತೋರಿಸುತ್ತಾನೆ. ಸುತ್ತ ಬಲೆ ಎದ್ದು ನಿಲ್ಲುತ್ತದೆ. ಅಂದಿನ ಹಸುಗೂಸು ಮರಿಗಳು ಬುಟ್ಟಿಯ ಕೆಳಗೆ. ಹೆಂಗಸರು ಮೂರು ಕಲ್ಲಿನ ಒಲೆ ಹೂಡುತ್ತಾರೆ. ಹೊತ್ತು ಮುಳುಗುವಾಗ ಕುರಿಗಳು ಒಳಗೆ ಬಂದು, ತಾಯಿ ಮರಿಯನ್ನೂ ಮರಿ ತಾಯಿಯನ್ನೂ ದನಿಯಲ್ಲೇ ಹುಡುಕಿಕೊಳ್ಳುವ ಗದ್ದಲ. ನೂರಾರು ಕುರಿಗಳ ನಡುವೆ ಒಂದು ಮರಿಯೂ ತಪ್ಪುತ್ತಿರಲಿಲ್ಲ. ಎಲ್ಲ ಅಡಗಿದ ಮೇಲೆ ಕುರಿಹಾಲಿನ ಚಹಾ, ಕರಿಕಂಬಳಿ, ಮೇಲೆ ಆಕಾಶ. ಕಂಬಳಿ ಅದೇ ಕುರಿಗಳ ಉಣ್ಣೆಯದು. ಈ ಸೀಮೆಯ ದಖ್ಖನಿ ಕುರಿಯ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ. ಆದರೆ ಮಂಜು ಅದರ ಮೇಲೆ ಹನಿಯಾಗಿ ನಿಲ್ಲುತ್ತದೆ, ಒಳಗಿಳಿಯುವುದಿಲ್ಲ.

ಹಗಲು ನೋಡಿದರೆ ಅಲ್ಲಿ ಹುಲ್ಲು, ಕಲ್ಲು, ಅಲ್ಲೊಂದು ಇಲ್ಲೊಂದು ಕಾರೆಕಂಟಿ. ರಾತ್ರಿ ಮಲಗಿದಾಗ ಆ ಬಯಲಿನ ಸಂಸಾರ ಎಷ್ಟು ದೊಡ್ಡದೆಂದು ತಿಳಿಯುತ್ತಿತ್ತು. ಮೊದಲು ನತ್ತಿಂಗದ ದನಿ, ಬಳಿಕ ಕಲ್ಲುಹಾಸಿನ ಮೇಲೆ ಓಡಾಡುವ ದಪ್ಪಗಣ್ಣಿನ ಹಕ್ಕಿಗಳ ಕೂಗು. ಟಿಟ್ಟಿಭ ಕೂಗಿದರೆ ಯಾರೋ ನಡೆದುಹೋಗುತ್ತಿದ್ದಾರೆಂದು ಅರ್ಥ. ಅದು ಮನುಷ್ಯನೋ, ಪ್ರಾಣಿಯೋ, ಯಾವ ಕಡೆಯಿಂದ ಯಾವ ಕಡೆಗೆ ಹೊರಟಿದೆಯೋ ಎಂಬುದನ್ನು ಹಿರಿಯ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಬೆಳಗಿನ ಜಾವ ಗುಳ್ಳೆನರಿಗಳು ಒಂದು ದಿಬ್ಬದಿಂದ ಇನ್ನೊಂದು ದಿಬ್ಬಕ್ಕೆ ಕೂಗು ದಾಟಿಸುತ್ತಿದ್ದವು. ಅವು ಸುಮ್ಮನಾದ ರಾತ್ರಿ ಹಟ್ಟಿಯವರು ಎಚ್ಚರವಾಗಿರುತ್ತಿದ್ದರು, ತೋಳ ಹತ್ತಿರದಲ್ಲಿದೆಯೆಂದು.

ತೋಳ ಬಂದ ರಾತ್ರಿಯೊಂದು ನನಗೆ ಚೆನ್ನಾಗಿ ನೆನಪಿದೆ. ನಾಯಿಗಳು ಒಮ್ಮೆಲೇ ಹಳ್ಳದ ಕಡೆ ನುಗ್ಗಿದವು. ಗಂಡಸರು ಬಡಿಗೆ ಹಿಡಿದು ಎದ್ದರು. ಹಿರಿಯ ಮಾತ್ರ ಅತ್ತ ಹೋಗದೆ ಹಟ್ಟಿಯ ಹಿಂಬದಿಗೆ ಓಡಿದ. ಒಂದು ತೋಳ ನಾಯಿಗಳಿಗೆ ಮುಖ ತೋರಿಸಿ ಎಳೆದುಕೊಂಡು ಹೋಗುತ್ತದೆ, ಜೊತೆಯದು ಹಿಂದಿನಿಂದ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವನು ಮುಟ್ಟುವಷ್ಟರಲ್ಲಿ ಬಲೆ ಬಾಗಿತ್ತು, ಒಂದು ಕುರಿ ಹೋಗಿತ್ತು. ಬೆಳಗಾದ ಮೇಲೆ ನಾನು ಸಿಟ್ಟಿನಿಂದ ಏನೋ ಅಂದೆ. ಅವನು ಒಲೆಯ ಮುಂದೆ ಕೂತು ಹೇಳಿದ ಮಾತು ಇದು: “ವರ್ಷಾ ಅದರ ಪಾಲು ಅದು ಒಯ್ಯತೈತಿ, ತಮ್ಮಾ. ನಾವೂ ಅದರ ನೆಲದಾಗ ಮೇಸ್ತೀವಿ. ತ್ವಾಳಿಲ್ಲದ ಅಡವ್ಯಾಗ ಕುರಿಗೂ ಏಳ್ಗಿಲ್ಲ.”

ಮನೆಯ ಗಳಿಕೆಯ ಒಂದು ತುಂಡನ್ನು ಆ ರಾತ್ರಿ ಕಳೆದುಕೊಂಡವನು ಹೇಳಿದ ಮಾತದು. ಹಳ್ಳದ ದಂಡೆಯ ಬಿಲದಲ್ಲಿ ತೋಳ ಮರಿ ಹಾಕಿದ್ದು ಅವನಿಗೆ ತಿಳಿದಿತ್ತು. ಚಳಿಗಾಲ ನಮ್ಮ ತೋಳಗಳು ಮರಿ ಹಾಕುವ ಕಾಲ. ಬಿಲಕ್ಕೆ ಹೊಗೆ ಹಾಕಿ ಮರಿಗಳನ್ನು ಮುಗಿಸುವುದು ದೊಡ್ಡ ಕೆಲಸವೇನಲ್ಲ. ಎಷ್ಟೋ ಕಡೆ ಹಾಗೆ ನಡೆದಿದೆ. ಅವನು ಹಟ್ಟಿಯನ್ನು ಗುಡ್ಡದ ಆಚೆ ಮಗ್ಗುಲಿಗೆ ಒಯ್ದ, ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ ತೋಳದ ಹೆಸರೂ ಇದೆಯೆಂದು ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ಆ ಕಾಯ್ದೆಯ ಸುದ್ದಿ ತಲುಪದ ಗುಡ್ಡದಲ್ಲಿ ಅದನ್ನು ಪಾಲಿಸುತ್ತಿದ್ದವರ ಬಳಿ ನಾನು ಅಷ್ಟು ದಿನ ಉಂಡು ಮಲಗಿದ್ದೆ.

ಬೇಸಿಗೆ ಬಂದರೆ ಹಟ್ಟಿಗಳು ಹಿನ್ನೀರಿಗೆ ಇಳಿಯುತ್ತಿದ್ದವು. ಕಾಲುವೆಗೆ ನೀರು ಹರಿದಂತೆ ಜಲಾಶಯ ತಗ್ಗಿ, ಮುಳುಗಿದ ನೆಲ ಅಂಚಿನಿಂದ ಬಿಟ್ಟುಕೊಡುತ್ತಾ ಹೋಗುತ್ತದೆ. ಹಳೆಯ ಹೊಲಗಳ ಬದು, ಬಾವಿಯ ಕಲ್ಲು, ಮನೆಗಳ ತಳಪಾಯ ಒಂದೊಂದಾಗಿ ಕಾಣಿಸುತ್ತವೆ. ಹುನ್ನೂರಿನ ವಿಠ್ಠಲ ದೇವಸ್ಥಾನ ನೀರಿನಿಂದ ಮೇಲೆ ಬರುತ್ತದೆ. ಸುತ್ತಲಿನ ಊರುಗಳ ಜನ ಕೆಸರು ದಾಟಿ ದರ್ಶನಕ್ಕೆ ಹೋಗುತ್ತಾರೆ. ಹಸಿ ಮಣ್ಣಿನ ಮೇಲೆ ಹೊಸ ಹುಲ್ಲು ಹಬ್ಬಿ, ಉಳಿದೆಲ್ಲ ಕಡೆ ಸೀಮೆ ಬೆಂದಿರುವಾಗ ಅಲ್ಲಿ ಮಾತ್ರ ಹಸಿರು ಇರುತ್ತಿತ್ತು. ದಂಡೆಯಲ್ಲಿ ಮಲಗಿದ ಬೆಳಗುಗಳಲ್ಲಿ ನಾನು ಕಲ್ಲುಗೌಜಲಗಳನ್ನು ಕಂಡೆ. ಬಿಸಿಲೇರುವ ಹೊತ್ತಿಗೆ ಗುಡ್ಡದ ಕಡೆಯಿಂದ ಗುಂಪುಗುಂಪಾಗಿ ಹಾರಿ ಬಂದು, ನೀರಿನ ಅಂಚಿನಲ್ಲಿ ಇಳಿದು, ಗಡಿಬಿಡಿಯಲ್ಲಿ ಕುಡಿದು ಹೋಗುವವು. ಒಂದೆರಡು ಮಾತ್ರ ನೀರಿಗಿಳಿದು ಹೊಟ್ಟೆ ಅದ್ದಿಕೊಂಡು ನಿಲ್ಲುತ್ತಿದ್ದವು. ಸೆಖೆಗೆ ಹಾಗೆ ಮಾಡುತ್ತವೆಂದು ನಾವು ತಿಳಿದಿದ್ದೆವು. ಮುಂದೆ ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು ಬಿಡಿಸಿ ಹೇಳಿದರು: ಅವು ಗಂಡುಹಕ್ಕಿಗಳು. ಹೊಟ್ಟೆಯ ಗರಿಗಳಲ್ಲಿ ನೀರು ಹೀರಿಕೊಂಡು, ಮೈಲಿಗಟ್ಟಲೆ ಹಾರಿ, ಬೋಳು ನೆಲದ ಮೇಲಿರುವ ಮರಿಗಳಿಗೆ ಆ ಗರಿಗಳಿಂದಲೇ ಕುಡಿಸುತ್ತವೆ. ನಮ್ಮ ಡ್ಯಾಮಿನ ನೀರು ಕಾಲುವೆ ಏರದ ಗುಡ್ಡಕ್ಕೂ ಹೋಗುತ್ತಿತ್ತು, ಒಂದು ಹಕ್ಕಿಯ ಹೊಟ್ಟೆಗೆ ಅಂಟಿಕೊಂಡು.

ಚಳಿಗಾಲದಲ್ಲಿ ದೂರದ ಅತಿಥಿಗಳೂ ಇರುತ್ತಿದ್ದರು. ಹಿಡಕಲ್ಲಿನಿಂದ ಕೆಳಗೆ ಧೂಪದಾಳದಲ್ಲಿ, 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಒಡ್ಡಿನ ಹಿನ್ನೀರಿಗೆ ಬಿಳಿ ಕೊಕ್ಕರೆ, ಡೆಮೊಯಿಸೆಲ್ ಕ್ರೇನ್ ಬರುತ್ತವೆ. ನದಿಯ ಈ ಹರವನ್ನು 1974ರಲ್ಲಿ ಘಟಪ್ರಭಾ ಪಕ್ಷಿಧಾಮವೆಂದು ಘೋಷಿಸಲಾಯಿತು; ಅದರ ವಿಸ್ತಾರ 29.78 ಚದರ ಕಿಲೋಮೀಟರ್. ಆದರೆ ಗಾಯರಾಣಕ್ಕೆ ಬರುತ್ತಿದ್ದ ಅತಿಥಿಗಳಿಗೆ ಧಾಮವಿರಲಿಲ್ಲ. ಹ್ಯಾರಿಯರ್ ಎಂಬ ಬಯಲುಗಿಡುಗಗಳು ಕಝಾಕಿಸ್ತಾನದಂಥ ದೂರದ ಹುಲ್ಲುಬಯಲುಗಳಲ್ಲಿ ಮರಿ ಮಾಡಿ ಚಳಿಗೆ ನಮ್ಮ ಸೀಮೆಗೆ ಇಳಿಯುತ್ತವೆ. ಹಗಲೆಲ್ಲ ಹುಲ್ಲಿನ ತಲೆಗೆ ತಾಗುವಷ್ಟು ಕೆಳಗೆ ತೇಲಾಡಿ ಮಿಡತೆ ಹಿಡಿಯುತ್ತವೆ. ಸಂಜೆಗೆ ಮರ ಹುಡುಕುವುದಿಲ್ಲ. ಎತ್ತರದ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ಮಲಗುತ್ತವೆ. ಹಟ್ಟಿಯವರು ಆ ತಾಣವನ್ನು ಬಳಸಿಕೊಂಡು ಕುರಿ ಹೊಡೆಯುತ್ತಿದ್ದರು. ನಾವೂ ಅವೂ ಒಂದೇ ನೆಲದ ಮೇಲೆ ಮಲಗುತ್ತಿದ್ದೆವು ಎಂಬುದು ಆಗ ನನಗೆ ಹೆಮ್ಮೆಯ ಸಂಗತಿ. ಈಗಲೂ ಹೌದು.

ಆಮೇಲೆ ಆದದ್ದನ್ನು ಯಾರ ಮೇಲೂ ದೂರು ಹೊರಿಸದೆ ಹೇಳಬೇಕು. ಘಟಪ್ರಭಾ ಯೋಜನೆಯ ಕಾಲುವೆಗಳು ಮೂರು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲಕ್ಕೆ ನೀರು ಕೊಡುವ ಉದ್ದೇಶದವು. ಬರಗಾಲಕ್ಕೆ ಊರು ಬಿಟ್ಟು ಹೋಗುತ್ತಿದ್ದ ಮನೆಗಳು ಆ ನೀರಿನಿಂದ ನೆಲೆ ನಿಂತವು. ನನ್ನ ಶಾಲೆ, ಬಟ್ಟೆ, ಪುಸ್ತಕ ಎಲ್ಲ ಆ ನೀರಿನ ಋಣ. ನೀರು ಬಂದಲ್ಲಿ ಕಬ್ಬು ಬಂತು. ಕಬ್ಬು ಬಂದಲ್ಲಿ ವರ್ಷವಿಡೀ ಹೊಲ ಖಾಲಿಯಾಗದು, ಕುರಿ ತರುಬಲು ಜಾಗವಿರದು. ನೀರೇರದ ಎತ್ತರದಲ್ಲೂ ಕೊಳವೆಬಾವಿ ಇಳಿದವು. ಗಾಯರಾಣದ ಒಂದು ಅಂಚು ನಿವೇಶನಗಳಿಗೆ ಹೋಯಿತು, ಇನ್ನೊಂದು ಅಂಚು ಮುರ್ರಂ ಮಣ್ಣಿನ ಗುಂಡಿಯಾಯಿತು, ನಡುವಿನ ನೆಲದಲ್ಲಿ ಸಾಲು ಹಿಡಿದು ಸಸಿ ನೆಟ್ಟರು. ಸಸಿ ನೆಟ್ಟವರ ಮನಸ್ಸು ಒಳ್ಳೆಯದೇ. ಬೋಳು ಗುಡ್ಡ ಕಂಡರೆ ಮರ ಬೇಕೆನಿಸುವುದು ನಮ್ಮೆಲ್ಲರಿಗೂ ಶಾಲೆಯಲ್ಲೇ ಕಲಿಸಿದ ಪಾಠ.

ಆದರೆ ಹುಲ್ಲುಗಾವಲು ಕಡಿದುಹೋದ ಕಾಡಲ್ಲ. ತೆಳುಮಣ್ಣು, ಕಡಿಮೆ ಮಳೆ, ಮೇಯುವ ಪ್ರಾಣಿಗಳು, ಆಗೀಗ ಬೆಂಕಿ, ಇವೆಲ್ಲದರ ಜೊತೆ ಬಾಳಿ ಬಂದ ನೆಲ ಅದು. ಹುಲ್ಲಿನ ಬಾಳ್ವೆಯ ದೊಡ್ಡ ಪಾಲು ನೆಲದ ಕೆಳಗೆ, ಬೇರಿನಲ್ಲಿರುತ್ತದೆ. ಮೇಲಿನದು ಸುಟ್ಟರೂ ಮೇಯ್ದರೂ ಬೇರು ಮಣ್ಣನ್ನೂ ಇಂಗಾಲವನ್ನೂ ಹಿಡಿದಿಟ್ಟು, ಮುಂದಿನ ಮಳೆಗೆ ಮತ್ತೆ ಚಿಗುರು ಕಳಿಸುತ್ತದೆ. ಅದರ ಮೇಲೆ ಒತ್ತಾಗಿ ಮರ ಬೆಳೆಸಿದರೆ ನೆರಳಿಗೆ ಹುಲ್ಲು ಸಾಯುತ್ತದೆ. ಬಯಲಲ್ಲಿ ದೂರದವರೆಗೆ ಕಾಣುತ್ತ ಬದುಕುವ ಜಿಂಕೆ, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿ ಜಾಗ ಬಿಡುತ್ತವೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇದನ್ನು ನಮಗೆ ತೋರಿಸಿಕೊಟ್ಟಿದೆ. 1974ರಲ್ಲಿ 119 ಚದರ ಕಿಲೋಮೀಟರ್ ನೆಲ ಧಾಮವಾಯಿತು, ಆದರೆ ಅದರ ಬಹುಭಾಗದಲ್ಲಿ ನೀಲಗಿರಿ ನೆಡಲಾಗಿತ್ತು. ಕೃಷ್ಣಮೃಗ ಹೇಗೋ ಉಳಿದುಕೊಂಡಿತು. ಒಂದು ಕಾಲಕ್ಕೆ ಅಲ್ಲಿ ಕಾಣುತ್ತಿದ್ದ ಎರೆಭೂತ ಹಕ್ಕಿ ಮಾಯವಾಯಿತು. ಇಂದು ಕರ್ನಾಟಕದಲ್ಲಿ ಅದನ್ನು ನೋಡಬೇಕೆಂದರೆ ಸಿರುಗುಪ್ಪದ ಎರೆಭೂಮಿಗೆ ಹೋಗಬೇಕು, ಅಲ್ಲೂ ಕಂಡರೆ ಪುಣ್ಯ. ದೂರದ ಅಮೆರಿಕದಲ್ಲೂ ಹುಲ್ಲುಗಾವಲು ಹೋಗಿದೆ, ಬೇರೆ ದಾರಿಯಿಂದ. ಎತ್ತರದ ಹುಲ್ಲಿನ ಪ್ರೇರಿಯಲ್ಲಿ ನೂರಕ್ಕೆ ನಾಲ್ಕು ಪಾಲೂ ಉಳಿಯದೆ ನೇಗಿಲಿಗೆ ಹೋದ ಮೇಲೆ, 1996ರಲ್ಲಿ ಕಾನ್ಸಾಸ್ ರಾಜ್ಯದಲ್ಲಿ ಉಳಿದ ತುಂಡೊಂದನ್ನು ರಾಷ್ಟ್ರೀಯ ಸಂರಕ್ಷಿತ ಪ್ರದೇಶ ಮಾಡಿದರು.

ನಮ್ಮ ಗಾಯರಾಣ ಕರಗಿದ ಮೇಲೆ, ನಡುವಯಸ್ಸಿನಲ್ಲಿ, ಬಯಲಿನಲ್ಲಿ ಮತ್ತೆ ಮಲಗುವ ಆಸೆ ನನ್ನನ್ನು ಯಡಹಳ್ಳಿಗೆ ಕರೆದೊಯ್ದಿತು. ಘಟಪ್ರಭೆಯ ಜಾಡು ಹಿಡಿದು ಕೆಳಗೆ ಹೋದರೆ, ನದಿ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮೊದಲು ಸಿಗುವ ಸೀಮೆ ಅದು. ಬಾಗಲಕೋಟೆ ಜಿಲ್ಲೆಯ ಮುಧೋಳ, ಬೀಳಗಿ ತಾಲೂಕುಗಳ ಗುಡ್ಡಬಯಲು. 2016ರಲ್ಲಿ ಅಲ್ಲಿನ 96.36 ಚದರ ಕಿಲೋಮೀಟರ್ ನೆಲ ಚಿಂಕಾರ ವನ್ಯಜೀವಿಧಾಮವಾಯಿತು. ಚಿಂಕಾರಕ್ಕೆಂದೇ ಕರ್ನಾಟಕದಲ್ಲಿ ಆದ ಮೊದಲ ಧಾಮ ಇದು. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣ ಬಂದದ್ದು ಆಮೇಲೆ. ನಾನು ತಂಗಿದ್ದು ಧಾಮದ ಗಡಿಯ ಹೊರಗೆ, ರೈತರೊಬ್ಬರ ಕೊಯ್ದ ಹೊಲದಲ್ಲಿ. ಪಕ್ಕದಲ್ಲೇ ಹಟ್ಟಿಯೊಂದು ಬೀಡುಬಿಟ್ಟಿತ್ತು. ನನ್ನ ಹಾಸಿಗೆಯ ಬಗ್ಗೆ ಬೇರೆ ಯೋಚನೆ ಬೇಕಿರಲಿಲ್ಲ.

ಮಾಘದ ಚಳಿ. ನಸುಕಿನಲ್ಲಿ ಹಟ್ಟಿಯ ಹುಡುಗನೊಬ್ಬ ನನ್ನನ್ನು ಎಬ್ಬಿಸಿ, ಮಾತಾಡದೆ ಕೈ ತೋರಿಸಿದ. ಕಲ್ಲುದಿಬ್ಬದ ಮೇಲೆ ಮೂರು ಚಿಂಕಾರಗಳು ನಿಂತಿದ್ದವು, ಮಣ್ಣಿನದೇ ಬಣ್ಣ. ಬಾಲ ಅಲ್ಲಾಡದಿದ್ದರೆ ನನಗೆ ಕಾಣುತ್ತಲೇ ಇರಲಿಲ್ಲ. ಕೃಷ್ಣಮೃಗದಂತೆ ದೊಡ್ಡ ಹಿಂಡು ಕಟ್ಟುವ ಜಾತಿಯಲ್ಲ. ಎರಡು ಮೂರರ ಸಂಸಾರ, ಇಲ್ಲವೇ ಒಂಟಿ. ನೀರು ಕಾಣದೆಯೂ ಬಹುದಿನ ಬದುಕಬಲ್ಲವು; ಎಲೆಯ ರಸ, ಇಬ್ಬನಿ ಸಾಕು. ಅದಕ್ಕೇ ಇರಬೇಕು, ಅವು ಹುಲ್ಲಿನ ಮೇಲೆ ಇಬ್ಬನಿ ಆರುವ ಮೊದಲೇ ಮೇಯುತ್ತಿದ್ದವು. ಗಾಳಿ ತಿರುಗಿ ನಮ್ಮ ವಾಸನೆ ಹೋಯಿತು. ಒಂದು ಮೂಗಿನಿಂದ ಸೀನಿದಂತೆ ಸದ್ದು ಮಾಡಿತು. ಮರುಗಳಿಗೆ ದಿಬ್ಬ ಬರಿದಾಗಿತ್ತು. ಕುರಿಗಳ ವಾಸನೆಗೆ ಬೆದರದ ಅವು ನನ್ನ ವಾಸನೆಗೆ ಬೆದರಿದವೆಂದು ಹುಡುಗ ಹೇಳಿದ. ಆ ಮಾತು ನಿಜವೋ ಅಲ್ಲವೋ, ಅವನು ದಿನವೂ ಅವುಗಳ ಜೊತೆ ಬೆಳಗು ಮಾಡುತ್ತಿದ್ದವನು.

ಆ ಬೆಳಗು ನನ್ನಲ್ಲಿ ಒಂದು ವಿಚಾರ ಗಟ್ಟಿಯಾಯಿತು, ಇಂದಿಗೂ ಅದು ಸಡಿಲವಾಗಿಲ್ಲ. ಬಯಲನ್ನು ಉಳಿಸಬೇಕೆಂದರೆ ಅದರ ಮೇಲೆ ಮಲಗುವವರನ್ನೂ ಉಳಿಸಬೇಕು. ಅತಿಯಾಗಿ ಮೇಯ್ದರೆ ಹುಲ್ಲು ಹಾಳಾಗುತ್ತದೆ, ನಿಜ. ಆದರೆ ಒಂದೆಡೆ ನಿಲ್ಲದೆ, ಋತು ನೋಡಿ ನಡೆಯುವ ಹಟ್ಟಿ ಅತಿಯಾಗಿ ಮೇಯಿಸುವುದಿಲ್ಲ. ದಾರಿಗಳು ಮುಚ್ಚಿ, ಗಾಯರಾಣ ಚೂರಾಗಿ, ಇರುವ ತುಂಡಿನಲ್ಲೇ ಎಲ್ಲ ಹಟ್ಟಿಗಳೂ ಇಕ್ಕಟ್ಟಾದಾಗ ಹುಲ್ಲು ಬೇರುಸಹಿತ ಹೋಗುತ್ತದೆ. ಕುರುಬ ಹಿಂದೆ ಸರಿದ ಬಯಲಿಗೆ ಬೀದಿನಾಯಿಗಳ ಹಿಂಡು ಬರುತ್ತದೆ. ಅವು ತೋಳಕ್ಕೆ ರೋಗ ಅಂಟಿಸುತ್ತವೆ, ತೋಳದ ರಕ್ತಕ್ಕೂ ಬೆರೆಯುತ್ತವೆ, ಚಿಂಕಾರದ ಮರಿಗಳನ್ನು ಅಟ್ಟಿ ಕೊಲ್ಲುತ್ತವೆ.

ಹಟ್ಟಿಗೆ ಸಲ್ಲಬೇಕಾದ ಗೌರವದ ಮಾದರಿ ನಮ್ಮ ಗಡಿಸೀಮೆಯಲ್ಲೇ ಇದೆ. ಚಿಕ್ಕೋಡಿಯ ಕಡೆಯ ಅಕ್ಕೋಳದಲ್ಲಿ ಹುಟ್ಟಿ, ಕೊಲ್ಲಾಪುರ ಜಿಲ್ಲೆಯ ಆದಮಾಪುರದಲ್ಲಿ ಸಮಾಧಿಯಾದ ಕುರಿಗಾಹಿ ಸಂತ ಬಾಳುಮಾಮಾನ ಹೆಸರಿನ ಕುರಿಹಿಂಡುಗಳು ಇಂದಿಗೂ ಊರೂರು ತಿರುಗುತ್ತವೆ. ಕನ್ನಡ, ಮರಾಠಿ ಎರಡೂ ಸೀಮೆಯ ಜನ ಅವುಗಳನ್ನು ಹೊಲಕ್ಕೆ ಕರೆದು, ಭಂಡಾರ ಹಚ್ಚಿಕೊಂಡು, ಅನ್ನದಾನ ಮಾಡುತ್ತಾರೆ. ದೇವರ ಕುರಿಗೆ ಸಿಗುವ ದಾರಿ, ಮೇವು, ನೀರು ಮನುಷ್ಯರ ಕುರಿಗೂ ಸಿಗಬೇಕೆಂದು ನಾನು ಕೇಳುವುದು ಹೆಚ್ಚಾಗದು.

ಸರ್ಕಾರಗಳು ಬಯಲಿನ ಕಡೆ ನಿಧಾನವಾಗಿ ಕಣ್ಣು ತೆರೆಯುತ್ತಿವೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಧಾಮವಾಗಿದೆ. ವಿಶ್ವಸಂಸ್ಥೆ 2026ನೇ ವರ್ಷವನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿದೆ. ಎರಡನ್ನೂ ಒಂದೇ ಹೆಸರಿನಲ್ಲಿ ಸೇರಿಸಿದ್ದು ನನಗೆ ಬಹಳ ಸಮಾಧಾನ ತಂದಿತು. ಆದರೆ ಹಿಡಕಲ್ಲಿನಿಂದ ಯಡಹಳ್ಳಿಯವರೆಗಿನ ಅಳಿದುಳಿದ ತುಂಡು ಬಯಲುಗಳ ಹಣೆಬರಹ ಬರೆಯುವುದು ಗ್ರಾಮಸಭೆಗಳು. ಹಾಗಾಗಿ ನಮ್ಮ ಊರಿನ ಸಭೆಯಲ್ಲಿ ಅವಕಾಶ ಸಿಕ್ಕಾಗಲೆಲ್ಲ ನಾನು ಎದ್ದು ನಿಂತು ಹೇಳುತ್ತ ಬಂದಿದ್ದೇನೆ: ಉಳಿದ ಗಾಯರಾಣದ ಗಡಿ ಅಳೆದು ಕಲ್ಲು ನೆಡಿ, ಸಸಿ ನೆಡುವ ಆಸೆಯಿದ್ದರೆ ರಸ್ತೆಯ ಬದಿ, ಶಾಲೆಯ ಅಂಗಳ, ಹೊಲದ ಬದು ಇವೆ, ಹುಲ್ಲನ್ನು ಹುಲ್ಲಾಗಿ ಬಿಡಿ, ಕುರಿಯ ದಾರಿಗೆ ಬೇಲಿ ಹಾಕಬೇಡಿ, ತೋಳ ಕುರಿ ಒಯ್ದ ದಿನವೇ ಪಂಚನಾಮೆ ಮಾಡಿ, ಅಲೆಮಾರಿಯ ಹಟ್ಟಿಯಿರುವ ಜಾಗಕ್ಕೇ ಪರಿಹಾರ ತಲುಪಿಸಿ. ಕೆಲವರು ತಲೆದೂಗುತ್ತಾರೆ, ಕೆಲವರು ಬಂಜರಿನಲ್ಲಿ ಏನಿದೆ ಎಂದು ಕೇಳುತ್ತಾರೆ. ಹಾಗೆ ಕೇಳಿದವರಿಗೆ ನನ್ನ ಉತ್ತರ ಒಂದೇ: ಸುಗ್ಗಿ ಮುಗಿದ ಮೇಲೆ ಒಂದು ಕಂಬಳಿ ತೆಗೆದುಕೊಂಡು ಬನ್ನಿ, ಹಟ್ಟಿಯ ಪಕ್ಕ ಒಂದು ರಾತ್ರಿ ಮಲಗಿ, ಬೆಳಗಾದ ಮೇಲೆ ಅದೇ ಪ್ರಶ್ನೆ ಕೇಳಿ.